ಮಾಸ್ತಿಕಲ್ಲಿಗೆ ಕೈ ಮುಗಿಯದ ದಿನ

ಅತ್ತಿಯವರಿಗೆ,

ನಿಮ್ಮ ಸಣ್ಣ ಸೊಸಿ ಗಿರಿಜಾನ ಶರಣು. ನಿಮಗ ಓದಾಕ ಬರ್ತಿರಲಿಲ್ಲ. ಯಾರದರ ಪತ್ರ ಬಂದ್ರ ನಾನ ಓದಿ ಹೇಳಬೇಕಿತ್ತು. ನಡುವ ತಡದು, "ಅದನ್ನ ಇನ್ನೊಮ್ಮಿ ಓದು" ಅಂತಿದ್ರಿ. ಇದನ್ನೂ ಹಂಗ ಬರದು ಜೋರಾಗಿ ಓದಾಕತ್ತೀನ್ರಿ. ಬಾಜೂ ಮನಿಯವರು ಕೇಳಿದ್ರ ಕೇಳ್ಲಿ.

ಎಮರ್ಜೆನ್ಸಿ ಮುಗಿದ ಮರು ಬ್ಯಾಸಗಿ ನೆಪ್ಪೈತೇನ್ರಿ? ನಿಮ್ಮ ಹಿರೇಮಗ, ನಮ್ಮ ಭಾವನವರು, ಖಾನಾಪುರ ಪ್ಯಾಟ್ಯಾಗಿನ ಕಾಳಿನ ಅಂಗಡಿ ಒಂದಿನ ಬಂದ್ ಮಾಡಿ, ಬೆಳಗಾವಿಯೊಳಗಿನ ಮ್ಯೂಜಿಯಂ ತೋರಸ್ತೀನಂತ ತಮ್ಮ ಮಕ್ಕಳನ್ನೂ ನಮ್ಮಿಬ್ಬರನ್ನೂ ಪ್ಯಾಸೆಂಜರ್ ಗಾಡಿ ಹತ್ತಿಸಿದ್ರು. ನಿಮ್ಮ ಸಣ್ಣಮಗ, ನನ್ನ ಗಂಡ, ಜ್ವರದಾಗ ತೀರಿಕೊಂಡು ಆಗ ವರ್ಷ ತುಂಬಿತ್ತು. ನಾನಿನ್ನೂ ಇಪ್ಪತ್ತರ ಆಜೂಬಾಜು. ಬೆಳಗಾವಿಯೊಳಗ ಶಿಕ್ಷಕರ ತರಬೇತಿಗೆ ನನಗ ಸೀಟು ಸಿಕ್ಕಿತ್ತು. "ಗಂಡ ಸತ್ತಾಕಿ ಸಿಟ್ಯಾಗ ಒಬ್ಬಾಕಿ ಇದ್ರ ಮಂದಿ ಏನಂದಾರು?" ಅಂತ ಭಾವನವರು ಆ ಮಾತಿಗೆ ಅಲ್ಲೇ ಮಣ್ಣ ಹಾಕಿದ್ರು. ನೀವು ಹೌದನ್ನಲಿಲ್ಲ, ಅಲ್ಲನ್ನಲಿಲ್ಲ. ನೀವೂ ಅವರ ಕಡೇನ ಅಂತ ನಾ ಅವತ್ತ…

ಮ್ಯೂಜಿಯಂ ಅಂದ್ರ ಎರಡ ಖೋಲಿ, ಹಿಂದೊಂದು ಬಯಲು. ಒಳಗ ತುಕ್ಕು ಹಿಡಿದ ಕತ್ತಿ, ಗಾಜಿನ ಪೆಟಿಗ್ಯಾಗ ನಾಣ್ಯ, ಮೂಗು ಒಡದ ಮೂರ್ತಿ. ಹುಡುಗೂರು ಕತ್ತಿ ಬಿಟ್ಟು ಅಲುಗಾಡಲೇ ಇಲ್ಲ. ನಿಮಗ ಕಾಲುನೋವು. ಪಡಸಾಲ್ಯಾಗ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದಮ್ಯಾಲ ನೀವು ಹಿಂದಿನ ಬಯಲಿನ ಬೇವಿನ ಗಿಡದ ನೆರಳಿಗೆ ಕುಂತು ಎಲಿಗೆ ಸುಣ್ಣ ಹಚ್ಚಾಕತ್ರಿ. ಸುತ್ತಕಡೆ ಹಳ್ಳಿಗಳಿಂದ ತಂದ ಕಲ್ಲು ಸಾಲಾಗಿ ನಿಂತಿದ್ವು. ಒಂದು ಕಲ್ಲಿನ್ಯಾಗ ಕಂಬ, ಕಂಬದಿಂದ ಹೊರಗ ಚಾಚಿದ ಒಂದು ಹೆಣ್ಣಿನ ಕೈ. ಮೊಣಕೈ ತನಕ ಬಳಿ.

"ಇದು ಮಾಸ್ತಿಕಲ್ಲು," ಅಂತ ಭಾವನವರು ಮಕ್ಕಳಿಗೆ ಹೇಳಿದ್ರು. "ಗಂಡ ಸತ್ತ ಕೂಡ್ಲೇ ಆತನ ಚಿತಿಗೆ ಹಾರಿದ ಪುಣ್ಯವಂತಿ." ಆಮ್ಯಾಲ ನನ್ನ ಕಡೆ ತಿರುಗಿ, "ಗಿರಿಜಾ, ಮುಂದ ಬಾ. ಕೈ ಮುಗಿ. ಮನಸ್ಸು ಹರದಾಡೂದು ನಿಲ್ತೈತಿ" ಅಂದ್ರು. ಬಂದಿದ್ದ ಮಂದಿ ಎಲ್ಲಾ ನನ್ನ ಬರೀ ಹಣಿ ನೋಡಾಕತ್ರು. ನನ್ನ ಕೈ ಆಗಲೇ ಮ್ಯಾಲ ಏಳಾಕತ್ತಿದ್ವು. ಅಷ್ಟರಾಗ ಹಿಂದಿಂದ ನಿಮ್ಮ ದನಿ.

"ಆಕಿ ಕೈ ಮುಗಿಯಂಗಿಲ್ಲ."

ಕಾಲುನೋವು ಅಂದವರು ಅದ್ಯಾವಾಗ ಎದ್ದು ಬಂದಿದ್ರಿ?

"ಯವ್ವಾ, ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡು. ನಿಮ್ಮಪ್ಪ ಸತ್ತಾಗ ನೀ ತೊಟ್ಟಲದಾಗಿದ್ದಿ, ನಿನ್ನ ತಮ್ಮ ಹೊಟ್ಟ್ಯಾಗಿದ್ದ. ನಾನೂ ಬೆಂಕ್ಯಾಗ ಹಾರಿದ್ರ ಈ ಪುಣ್ಯದ ಕಥಿ ಹೇಳಾಕ ನೀ ಉಳೀತಿದ್ದೇನ?"

ನೀವು ಸೀದಾ ಹೋಗಿ ಆ ಕಲ್ಲಿನ ಕೈ ಹಿಡಕೊಂಡ್ರಿ, ಯಾರದೋ ಕೂಸಿನ ಮುಂಗೈ ಹಿಡಿದಂಗ. ಕಾವಲುಗಾರ ಓಡಿ ಬಂದ: "ಬಾಯೀ, ಹಾತ್ ಲಾವೂ ನಕಾ!" ನಿಮಗ ಮರಾಠಿ ತಿಳೀತಿರಲಿಲ್ಲೇನು? ನಮ್ಮೂರಾಗ ಯಾರಿಗೆ ತಿಳಿಯಂಗಿಲ್ಲ? ಮುಟ್ಟಬ್ಯಾಡ್ರಿ ಅಂದದ್ದು ಕೇಳಿಯೂ ಕೈ ಬಿಡಲಿಲ್ಲ. "ಬರೇ ಕೈ ಕೆತ್ಯಾರ," ಅಂದ್ರಿ. "ಬಾಯಿ ಕೆತ್ತಿಲ್ಲ. ಕೆತ್ತಿದ್ರ ಈಕಿ ಏನಂತಿದ್ಲೋ ಏನೋ." ಆಮ್ಯಾಲ ಮಗಗ ಅಂದ್ರಿ: "ಹುಡುಗೂರನ್ನ ಕರಕೊಂಡು ನೀ ಊರಿಗೆ ನಡಿ. ನನಗೂ ಗಿರಿಜಾಗೂ ಇಲ್ಲಿ ಕೆಲಸ ಐತಿ."

ಇಬ್ಬರೂ ಟಾಂಗಾ ಹತ್ತಿದ್ವಿ. ತರಬೇತಿ ಕಾಲೇಜಿನ ಗೇಟಿನ ಮುಂದ ಇಳಿದಾಗ ಸೆರಗು ಬಿಗಿ ಮಾಡಿಕೊಂಡು, ನನಗಿಂತ ಮುಂದ ನೀವ ನಡದ್ರಿ. ಗುಮಾಸ್ತ ಕೇಳಿದ, "ಗಂಡಸರು ಯಾರೂ ಬಂದಿಲ್ಲೇನ್ರಿ?" ನೀವು ಕುರ್ಚಿ ಎಳಕೊಂಡು ಕುಂತ್ರಿ. "ಬಂದಿದ್ರು. ವಾಪಸ್ ಕಳಿಸೇನಿ. ಈಕಿ ಹೆಸರು ಬರಕೋರಿ." ನನಗ ನಗುವೂ ಬಂತು, ಅಳುವೂ ಬಂತು. ಇಷ್ಟು ದಿನ ನಿಮ್ಮೊಳಗ ಏನು ಕುದೀತಿತ್ತು ಅಂತ ನನಗ್ಯಾಕ ಗೊತ್ತಾಗಲಿಲ್ರಿ?

ಅದರ ಬೆಲಿ ಕೊಟ್ಟವರೂ ನೀವ. ಭಾವನವರು ಮಾತು ಬಿಟ್ರು. ನೀವು ಮುಂದಿನ ಖೋಲಿಗೆ ಹ್ವಾದ್ರ ಎದ್ದು ಹೊರಗ ಹೋಗ್ತಿದ್ರು. ನನಗ ಹಲಸಿ ಕಡೆ ಹಳ್ಳ್ಯಾಗ ಸಾಲಿ ಕೆಲಸ ಸಿಕ್ಕ ವಾರದಾಗ ನೀವು ಒಂದು ಟ್ರಂಕು ಹೊತ್ತು ನನ್ನ ಬಾಡಿಗಿ ಮನಿಗೆ ಬಂದ್ರಿ. "ನಿನ್ನ ಕೈಯಾಗಿನ ಸಾರು ಸಪ್ಪಗಿರ್ತದ, ಆದ್ರೂ ಬಂದೀನಿ" ಅಂದ್ರಿ. ಸಂಜಿಕಿ ನನ್ನ ಸಾಲಿ ಹುಡುಗೂರು ನಿಮ್ಮನ್ನ ಸುತ್ತಗಟ್ಟಿ ಕುಂದರ್ತಿದ್ರು. ಹೋದ ವರ್ಷ ನೀವು ಅಲ್ಲೇ, ಆ ಮನ್ಯಾಗ… ಭಾವನವರು ಮಣ್ಣಿಗೆ ಬಂದಿದ್ರು. ಆವತ್ತೂ ನನ್ನ ಕೂಡ ಮಾತಾಡಲಿಲ್ಲ. ನನಗ ಆ ಸಿಟ್ಟು ಇನ್ನೂ ಇಳದಿಲ್ಲ. ಇಳಸೂ ಮನಸ್ಸೂ ಇಲ್ಲ.

ಈಗ ನೀವು ಕೇಳದ ಸುದ್ದಿ ಹೇಳ್ತೀನಿ, ಕೇಳ್ರಿ. ಬರೂ ಸೋಮವಾರ ನನ್ನ ಲಗ್ನ. ನಮ್ಮ ಸಾಲಿಯ ಚನ್ನಪ್ಪ ಮಾಸ್ತರು. ನಿಮಗ ಕಂದೀಲಿನ ಗಾಜು ತಂದು ಕೊಡ್ತಿದ್ರಲ್ಲ, ಅವರ. ಭಾವನವರು ಮಂದಿ ಕಡೆ ಹೇಳಿ ಕಳಿಸ್ಯಾರ: "ವಿಧವಿ ಮದುವಿ ಅಂದ್ರ ಉಡಿಕಿ. ಕತ್ತಲಾದಮ್ಯಾಲ, ಊರ ಹೊರಗಿನ ಗುಡ್ಯಾಗ, ಯಾರಿಗೂ ಗೊತ್ತಾಗದಂಗ ಮುಗಿಸಿಕೋರಿ." ನಾ ತಿರುಗಿ ಹೇಳಿ ಕಳಿಸೇನಿ: ಉಡಿಕಿ ಅಲ್ಲ, ಲಗ್ನ. ಖಾನಾಪುರದಾಗ, ಮಟಮಟ ಮಧ್ಯಾಹ್ನ.

ಮೊನ್ನಿ ಲಗ್ನಪತ್ರ ಅಚ್ಚು ಹಾಕಸಾಕ ಹೋಗಿದ್ದೆ. "ಹೆಣ್ಣಿನ ಕಡೆ ಹಿರಿಯರ ಹೆಸರು ಯಾರದು ಹಾಕೂಣ್ರಿ?" ಅಂದ ಪ್ರೆಸ್ಸಿನಾತ.

"ಲಿಂಗೈಕ್ಯ ಗಂಗವ್ವನವರು."

"ನಿಮ್ಮ ತಾಯೇನ್ರಿ?"

"ಅಲ್ರಿ, ಅತ್ತಿ."

ಆತ ಪೆನ್ನು ಕೆಳಗಿಟ್ಟು ನನ್ನ ಮಾರಿ ನೋಡಿದ. ಸೊಸಿ ಲಗ್ನ ಅತ್ತಿ ಮಾಡೂದು ಆತ ಎಲ್ಲಿ ನೋಡಿರಬೇಕು? "ದೊಡ್ಡ ಅಕ್ಷರದಾಗ ಹಾಕ್ರಿ," ಅಂದೆ. ಹಾಕ್ಯಾನ.

ಬಾಜಾದವರಿಗೂ ಹೇಳೇನಿ. ಮೆರವಣಿಗಿ ಸ್ಟೇಷನ್ ಕಡೆಯಿಂದ ಸೀದಾ ಹೋಗೂದಲ್ಲ, ಪ್ಯಾಟಿ ಹಾದೀಲೆ ಹೋಗೂಣು, ಭಾವನವರ ಅಂಗಡಿ ಮುಂದ ನಿಂತು ಎರಡ ಹಾಡ ಹೆಚ್ಚಿಗಿ ಬಾರಸ್ರಿ ಅಂತ. ಅಂಗಡಿ ಬಾಗಿಲು ಹಾಕಿದ್ರೂ ಬಾರಸ್ತಾರ.

ನಿಮ್ಮ ಸೊಸಿ,
ಗಿರಿಜಾ