ಕೆಂಚನ ಕಾಲು ಕಟ್ಟಿದವನಿಗೆ

ನಾಯಂಡಹಳ್ಳಿ
17-2-1957, ಭಾನುವಾರ

ಪ್ರೀತಿಯ ಮೈದುನ ಚಿರಂಜೀವಿ ಚಿಕ್ಕಮುನಿಯಪ್ಪನಿಗೆ ನಿನ್ನ ಅತ್ತಿಗೆ ವೆಂಕಟಲಕ್ಷ್ಮಮ್ಮ ಮಾಡುವ ಆಶೀರ್ವಾದ.

ಚಿರಂಜೀವಿ ಅಂತ ಬರೆದುಬಿಟ್ಟೆ ಕಣಪ್ಪ. ನಿನ್ನ ತಿಥಿ ಮಾಡಿ ಮೂರು ವರ್ಷ ಆಯ್ತಲ್ಲ. ಕೆರೆ ಏರಿ ಮೇಲೆ ನಿನ್ನ ಅಂಗಿ, ಪಂಚೆ ಸಿಕ್ಕಿದವು, ನೀನು ಸಿಗಲಿಲ್ಲ. ಹನ್ನೊಂದು ದಿನ ಕಾದು, ಹುಡುಗ ನೀರು ಪಾಲಾದ ಅಂತ ಊರವರೇ ತೀರ್ಮಾನ ಮಾಡಿ, ನಿಮ್ಮಣ್ಣನಿಗೆ ತಲೆ ಬೋಳಿಸಿ ಎಡೆ ಇಡಿಸಿದರು. ಅಂಥವನನ್ನ ಕ್ಷೇಮವಾ ಅಂತ ಹೇಗೆ ಕೇಳೋದು? ಆದರೂ ಕೇಳ್ತೀನಿ. ಮೈ ಹೇಗಿದೆ? ಹೊಟ್ಟೆಗೆ ಏನು ತಿಂತೀಯ? ಯಾರು ಬೇಯಿಸಿ ಹಾಕ್ತಾರೆ? ಬದುಕಿದ್ದರೆ ಇದನ್ನ ಕೊನೇ ತನಕ ಓದು. ಬದುಕಿಲ್ಲ ಅಂದ್ರೆ, ಮುದಿ ನಾಯಿ ಕಾಲಿಗೆ ಔಷಧಿ ಕಟ್ಟೋವಷ್ಟು ಕರುಣೆ ಇರೋ ದೆವ್ವಕ್ಕೆ ಓದೋಕೂ ಬರತ್ತೆ ಅಂದ್ಕೊಂಡಿದೀನಿ.

ಇಲ್ಲಿ ನಾವು ಇದೀವಿ. ಅತ್ತೆಗೆ ಎರಡು ಕಣ್ಣಿಗೂ ಪೊರೆ ಬಂದಿದೆ, ಬಾಯಿ ಮಾತ್ರ ಮೊದಲಿನ ಹಾಗೇ ಚುರುಕು. ನಿಮ್ಮಣ್ಣ ಬಂಡಿ, ಎತ್ತು ಎರಡೂ ಕೊಟ್ಟುಬಿಟ್ಟರು. ಈಗ ಸೊಪ್ಪು ಬೆಳೀತಾರೆ, ಕುಕ್ಕೆ ತಲೆ ಮೇಲೆ ಹೊತ್ಕೊಂಡು ಮಾರ್ಕೆಟ್ಟಿಗೆ ನಡ್ಕೊಂಡೇ ಹೋಗ್ತಾರೆ. ದಾರೀಲಿ ಯಾರಾದ್ರೂ ಪಾಪ ಅಂತ ಬಂಡಿ ನಿಲ್ಲಿಸಿ ಕರೆದರೂ ಹತ್ತಲ್ಲ. ಮನೇಲಿ ಮಾತು ಕಮ್ಮಿ. ಪ್ರಭಾ ಹೋದ ಮೇಲೆ ನಮ್ಮ ಮನೇಲಿ ಯಾರು ತಾನೇ ಜಾಸ್ತಿ ಮಾತಾಡ್ತಾರೆ ಹೇಳು. ಆ ಹೆಸರು ನೀನೇ ಇಟ್ಟಿದ್ದು. ಊರಲ್ಲಿ ಎಲ್ಲಾರೂ ಮುನಿಯಮ್ಮ, ತಿಮ್ಮಕ್ಕ ಅಂತ ಇಟ್ಕೊಂಡಿರುವಾಗ, ನಮ್ಮನೆ ಕೂಸಿಗೆ ಮಾತ್ರ ಪೇಟೆ ಹೆಸರು ಬೇಕು ಅಂತ ಹಟ ಹಿಡಿದೆ. ಏಳು ವರ್ಷ ಕೂಗಿದ್ವಿ ಆ ಹೆಸರನ್ನ. ಈಗ ಮಧ್ಯಾಹ್ನ ರಸ್ತೆ ಮೇಲೆ ಬಂಡಿ ಹೋದರೆ ನಾನು ಒಲೆ ಮುಂದಿಂದ ಎದ್ದು ಬಂದು ಚಕ್ರ ನೋಡ್ತೀನಿ. ಬಂಡಿ ಕಣ್ಮರೆ ಆದ ಮೇಲೂ ಸದ್ದು ನಿಲ್ಲಲ್ಲ. ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ?

ಕೆಂಚನ ವಿಷಯಕ್ಕೆ ಬರ್ತೀನಿ. ಹದಿಮೂರು ವರ್ಷದ ಮುದುಕ ಈಗ ಅವನು. ಮೂತಿ ಬೆಳ್ಳಗಾಗಿದೆ, ಅರ್ಧ ಕಿವುಡು. ಸಂಕ್ರಾಂತಿಗೆ ಮುಂಚೆ ಮೈಸೂರು ರಸ್ತೆಗೆ ಹೊಸದಾಗಿ ಡಾಂಬರು ಹಾಕಿದರು ನೋಡು, ಬಿಸಿ ಡಾಂಬರಿಗೆ ಮುಂದಿನ ಬಲಗಾಲು ಇಟ್ಟುಬಿಟ್ಟ. ಅಂಗಾಲು ಸುಟ್ಟು, ಬಿರುಕು ಬಿಟ್ಟು, ಬೆರಳ ಸಂದೀಲಿ ಕೀವು ತುಂಬಿತು. ನಾನು ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ತೊಳೆದೆ, ಡಾಂಬರು ಬಿಡಲಿ ಅಂತ ಹರಳೆಣ್ಣೆ ಸವರಿದೆ, ಅರಿಶಿನ ಮೆತ್ತಿ ಹಳೇ ಸೀರೆ ಚೂರು ಕಟ್ಟಿದೆ. ಈ ಕಡೆ ಕಟ್ಟೋದು, ಆ ಕಡೆ ಹಲ್ಲಲ್ಲಿ ಕಿತ್ತು ಎಸೆಯೋದು. ದಿನಕ್ಕೆ ನಾಲ್ಕು ಸಲ ಇದೇ ಗೋಳು. ನಿನ್ನ ಕಾಲು ಕೊಳೆತು ಹೋಗ್ಲಿ ಅಂತ ಬೈದು, ಬೈದ ಬಾಯಿಗೆ ನಾನೇ ಹೊಡ್ಕೊಂಡೆ. ಮಗು ಮುಟ್ಟಿ ಆಡಿಸಿದ್ದ ಜೀವ ಅದೊಂದೇ ಉಳಿದಿರೋದು ನನಗೆ.

ಹೋದ ತಿಂಗಳು ಒಂದು ಸೋಮವಾರ, ಬೆಳಿಗ್ಗೆ ಎಲ್ಲಿಗೋ ಕುಂಟ್ಕೊಂಡು ಹೋದವನು ಹೊತ್ತು ಏರಿದ ಮೇಲೆ ವಾಪಸ್ಸು ಬಂದ. ಕಾಲಲ್ಲಿ ನನ್ನ ಸೀರೆ ಚೂರಿಲ್ಲ. ಗೋಣಿತಾಟಿನ ಪುಟ್ಟ ಚೀಲ, ಒಳಗೆ ಮೆತ್ತಗಿರೋ ಪಂಚೆ ಬಟ್ಟೆ, ಹೊಂಗೆ ಎಣ್ಣೆ ವಾಸನೆ. ಗಂಟು ಕಾಲಿನ ಹೊರಮಗ್ಗುಲಿಗೆ, ಹುರಿಯ ತುದಿ ಒಳಕ್ಕೆ ಸಿಕ್ಕಿಸಿದೆ, ಹಲ್ಲು ಹಾಕದೆ ಇರ್ಲಿ ಅಂತ ಮೇಲೆ ಕಹಿ ಲೋಳೆಸರ ಬಳಿದಿದೆ. ಗೊರಸು ಒಡೆದ ಎತ್ತುಗಳಿಗೆ ಮಾವನವರು ಹೀಗೇ ಕಟ್ತಿದ್ದರು. ನಿಮ್ಮಣ್ಣನಿಗೆ ಆ ಕೈ ಬರಲೇ ಇಲ್ಲ, ನಿನಗೊಬ್ಬನಿಗೇ ಬಂದಿದ್ದು. ಮಾವನವರು ಹೋಗಿ ಎಂಟು ವರ್ಷ. ಇನ್ನು ಯಾರು ಕಟ್ಟಬೇಕು?

ಅತ್ತೆ ತಡವಿ ನೋಡಿ ಕೈ ಹಿಂದಕ್ಕೆ ತಗೊಂಡರು. ಸತ್ತೋನು ಕಟ್ಟಿರೋದನ್ನ ಬದುಕಿರೋರು ಬಿಚ್ಚಬಾರದು ಕಣೆ, ಮುಟ್ಟಬೇಡ ಅಂದರು. ಅವತ್ತಿಂದ ಸಾಯಂಕಾಲ ಹಿತ್ತಲ ಬಾಗಿಲಲ್ಲಿ ಒಂದು ಮುದ್ದೆ, ಒಂದು ಚೊಂಬು ನೀರು ಇಡ್ತಾರೆ. ಕಾಗೆ ತಿಂದು ಹೋಗತ್ತೆ, ನನ್ನ ಮಗ ಉಂಡ ಅಂತ ಕಣ್ಣು ಒರೆಸ್ಕೋತಾರೆ. ನಿಮ್ಮಣ್ಣ ಆ ಗಂಟನ್ನ ಒಂದು ಬೆರಳಲ್ಲಿ ಮುಟ್ಟಿ ತೋಟಕ್ಕೆ ಹೋದರು. ಅವರೇನು ಅಂದ್ಕೊಂಡರೋ ಆ ಮುನೇಶ್ವರನಿಗೇ ಗೊತ್ತು.

ಆಮೇಲೆ ಸೋಮವಾರ, ಶುಕ್ರವಾರ ತಪ್ಪದೆ ಹೊಸ ಕಟ್ಟು. ಆ ಎರಡು ದಿನ ಏನಿದೆ ಅಂತ ಯೋಚನೆ ಮಾಡಿದೆ. ರಾಜಾಜಿನಗರದಲ್ಲಿ ಹೊಸ ಮನೆಗಳು ಏಳ್ತಾ ಇವೆಯಲ್ಲ, ರೈಲು ಕಂಬಿ ಪಕ್ಕದ ಇಟ್ಟಿಗೆ ಗೂಡಿಗೆ ಲಾರಿ ಬರೋದು ಅವೇ ಎರಡು ದಿನ, ಕಟ್ಟೋನು ಅದರಲ್ಲೇ ಬರ್ತಿರಬೇಕು. ಹೋದ ಶುಕ್ರವಾರಕ್ಕೆ ಹಿಂದಿನ ಶುಕ್ರವಾರ ಕೆಂಚನ ಹಿಂದೆಯೇ ಹೊರಟೆ. ಹತ್ತು ಹೆಜ್ಜೆಗೊಂದು ಸಲ ಕೂತು, ಕಾಲು ನೆಕ್ಕಿ, ಮತ್ತೆ ಎದ್ದು ಹೋಗ್ತಿದ್ದ. ಹುಣಸೇಮರದ ತನಕ ಹೋದೆ. ಇಟ್ಟಿಗೆ ಅಟ್ಟಿ ಹಿಂದಿಂದ ಕೆಮ್ಮು ಕೇಳಿಸ್ತು, ಚಳಿಗಾಲದಲ್ಲಿ ನೀನು ಕೆಮ್ಮೋ ಅದೇ ಒಣ ಕೆಮ್ಮು. ಕೆಂಚ ಬಾಲ ಅಲ್ಲಾಡಿಸ್ಕೊಂಡು ಆ ಕಡೆ ತಿರುಗಿದ. ಇನ್ನು ಇಪ್ಪತ್ತು ಹೆಜ್ಜೆ ಹಾಕಿದ್ರೆ ಆಗಿತ್ತು. ನಾನು ವಾಪಸ್ಸು ಓಡಿ ಬಂದೆ. ದೆವ್ವ ಅಂತ ಹೆದರಿ ಅಲ್ಲ. ದೆವ್ವ ಆಗಿದ್ದಿದ್ರೆ ನಿಂತಿರ್ತಿದ್ದೆ.

ನಿನಗೆ ಆ ದಿನ ಮರೆತಿರಲ್ಲ. ಕತ್ತಲು ಹರಿಯೋ ಮುಂಚೆ ಬಂಡಿ ಕಟ್ಟಿ ಕೆಂಗೇರಿ ಸಂತೆಗೆ ಹೊರಟೆ, ಪ್ರಭಾ ನಾನೂ ಬರ್ತೀನಿ ಚಿಕ್ಕಪ್ಪ ಅಂತ ಹತ್ತಿ ಕೂತಳು. ಸೇತುವೆ ಇಳಿಜಾರಲ್ಲಿ ಚಕ್ರ ಕಳಚಿ, ಬಂಡಿ ಮಗು ಮೇಲೆ ಬಿತ್ತು. ನೋಡದೆ ಬಂಡಿ ಕಟ್ಟಿದ ಅಂತ ಊರೆಲ್ಲ ನಿನ್ನ ಮೇಲೆ ಬಿತ್ತು. ನನ್ನ ಮಗಳನ್ನ ತಿಂದೆಯಲ್ಲೋ, ಇನ್ನು ಈ ಹೊಸಿಲು ತುಳೀಬೇಡ ಅಂತ ನಿಮ್ಮಣ್ಣ ಕೂಗಿದರು. ನೀನು ತಲೆ ಬಗ್ಗಿಸ್ಕೊಂಡು ನಿಂತಿದ್ದೆ. ನಾನು ಕಂಬ ಹಿಡ್ಕೊಂಡು ನೋಡ್ತಾ ನಿಂತಿದ್ದೆ. ನೀನು ಮತ್ತೆ ಆ ಹೊಸಿಲು ತುಳೀತೀಯ, ಇಲ್ಲವಾ, ಅದೊಂದೇ ಈಗ ನನಗೆ ಬೇಕಾಗಿರೋದು.

ಕೆಂಚನ ಕಾಲು ಆರ್ತಾ ಇದೆ. ಕೀವು ನಿಂತಿದೆ, ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಕೂಡ್ತಿದೆ. ನಾಳೆ ಸೋಮವಾರ, ಈ ಕಾಗದನ ಎಣ್ಣೆ ಕಾಗದದಲ್ಲಿ ಸುತ್ತಿ ಅವನ ಕೊರಳ ಹಗ್ಗಕ್ಕೆ ಕಟ್ತೀನಿ. ಮೈ ಕಡೆ ನೋಡ್ಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನೂರು ವರ್ಷ ಬಾಳು, ಮೂರು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು ಇದು.

ಇಂತಿ ನಿನ್ನ ಅತ್ತಿಗೆ,
ವೆಂಕಟಲಕ್ಷ್ಮಮ್ಮ

ತಾ.ಕ.: ಮರೆತು ಕೆಳಗೆ ಬರೀತಿಲ್ಲ, ಮೇಲೆ ಬರೆಯೋಕೆ ಕೈ ಬರಲಿಲ್ಲ. ನೀನು ನೋಡದೆ ಬಂಡಿ ಕಟ್ಟಿದ್ದಲ್ಲ. ಹಿಂದಿನ ಸಾಯಂಕಾಲ ಕರು ಗೂಟ ಕಿತ್ಕೊಂಡು ಓಡಾಡ್ತಿತ್ತು. ಬೇರೇನೂ ಕೈಗೆ ಸಿಗದೆ, ಚಕ್ರ ಜಾರದ ಹಾಗೆ ಅಚ್ಚಿನ ತುದಿಗೆ ಹಾಕಿರೋ ಕಬ್ಬಿಣದ ಕಡಾಣಿ ಕಿತ್ತು, ಅದನ್ನೇ ಗೂಟ ಮಾಡಿ ನೆಲಕ್ಕೆ ಹೊಡೆದೆ. ಆ ತೂತಿಗೆ ಜಾಲಿ ಕಡ್ಡಿ ತುರುಕಿದೆ, ಬೆಳಿಗ್ಗೆ ತೆಗೆದು ಹಾಕಿದ್ರೆ ಆಯ್ತು ಅಂತ. ಮಲಗೆದ್ದು ಮರೆತೆ. ಕತ್ತಲಲ್ಲಿ ನಿನ್ನ ಕೈಗೆ ಕಡ್ಡಿ ಸಿಕ್ಕಿದೆ, ಕಡಾಣಿ ಇದೆ ಅಂದ್ಕೊಂಡಿದೀಯ. ಮಗೂನ ಮಣ್ಣು ಮಾಡಿ ಬಂದ ಮೇಲೆ ಆ ಕಡಾಣೀನ ನೆಲದಿಂದ ಕಿತ್ತು ಬಾವಿಗೆ ಎಸೆದೆ. ನನ್ನ ಮಗಳನ್ನ ತಿಂದೋಳು ನಾನು. ನಿನ್ನನ್ನ ಬೈತಾ ಇದ್ದಾಗ ಬಾಯಿ ಮುಚ್ಕೊಂಡು ನಿಂತೋಳೂ ನಾನೇ.

ಗುರುವಾರ ನಿಮ್ಮಣ್ಣನಿಗೆ ಎಲ್ಲಾ ಹೇಳಿದೆ, ಇಟ್ಟಿಗೆ ಗೂಡಿನ ವಿಷಯಾನೂ ಹೇಳಿದೆ. ಹೊಡೀಲಿಲ್ಲ, ಬೈಲಿಲ್ಲ. ಮೂರು ದಿನ ನನ್ನ ಕೈ ಅನ್ನ ಮುಟ್ಟಿಲ್ಲ. ಈಗ ಬಂದು, ಬರೀತಾ ಇದ್ದೀಯಾ, ಹಾಗಿದ್ರೆ ಇದನ್ನೂ ಬರಿ ಅಂದರು. ಶುಕ್ರವಾರ ಕೆಂಚನ್ನ ನಾನೇ ಎತ್ಕೊಂಡು ಬರ್ತೀನಿ ಅಂತ ಬರಿ ಅಂದರು. ನನ್ನನ್ನ ಈ ಮನೇಲಿ ಇಟ್ಕೋತಾರೋ ಬಿಡ್ತಾರೋ ಗೊತ್ತಿಲ್ಲ, ಅದು ನನಗಿರಲಿ. ಅವರು ಬಂದು ನಿನ್ನ ಕಾಲು ಹಿಡಿದರೆ ಹಿಡಿಯೋಕೆ ಬಿಡು. ದಮ್ಮಯ್ಯ ಕಣಪ್ಪ, ಓಡಿಹೋಗಬೇಡ.