ನಮ್ಮೂರಿನವರು ಬರೆದ ಒಂದು ಪುಸ್ತಕ

ಆಲ್ಡರ್ ಬೇ, ಮಿಷಿಗನ್
ಡಿಸೆಂಬರ್ ೮

ಪ್ರೀತಿಯ ಲೆಂಪಿ ಅಕ್ಕನಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದಿದ್ದದ್ದಕ್ಕೆ ನೆಪ ಹೇಳೋಣವೆಂದರೆ ಇರುವುದು ಹಿಮ ಒಂದೇ, ಅದೂ ಈ ಸಲ ಸರಿಯಾಗಿ ಬಿದ್ದಿಲ್ಲ. ಶಾಲೆಯ ಬಸ್ಸು ಒಂದು ದಿನವೂ ರಜೆ ಕಾಣದೆ ಓಡುತ್ತಿದೆ. ಹಡಗಿನಲ್ಲಿ ಇಪ್ಪತ್ತೆರಡು ಜನಕ್ಕೆ ಬೇಯಿಸಿ ಹಾಕಿಯೂ ನೀನು ನಾಲ್ಕು ಪುಟ ಬರೆಯುತ್ತೀಯ. ಮೂವತ್ತು ಮಕ್ಕಳನ್ನು ಮನೆ ಸೇರಿಸಿದ ಮೇಲೆ ನನಗೆ ನಾಲ್ಕು ಸಾಲೂ ಹೊರಡುವುದಿಲ್ಲ. ಕ್ಷಮಿಸು. ನಿಮ್ಮ ಹಡಗು ಡೆಟ್ರಾಯಿಟ್ ದಾಟುವಾಗ ಅಂಚೆ ದೋಣಿಯವರು ಇದನ್ನು ಬಕೆಟ್ಟಿಗೆ ಹಾಕಿ, ನಿಮ್ಮವರು ಹಗ್ಗ ಎಳೆದುಕೊಂಡರೆ ಸಾಕು; ಉಳಿದದ್ದು ಈ ಕಾಗದದ ಪಾಡು.

ಗ್ರಂಥಾಲಯದ ಓದಿನ ಸವಾಲು ಎಲ್ಲಿಗೆ ಬಂತು ಎಂದು ನೀನು ಕೇಳಿದ್ದೆ. ಹನ್ನೆರಡು ಮನೆಗಳ ನೀಲಿ ಕಾರ್ಡಿನಲ್ಲಿ ಹನ್ನೊಂದು ತುಂಬಿವೆ. ಒಂದೊಂದು ಮನೆಯಲ್ಲೂ ಒಂದೊಂದು ಬಗೆ ಬರೆದಿದೆ. ಆ ಬಗೆಯ ಪುಸ್ತಕ ಹುಡುಕಿ ಓದಬೇಕು, ಗ್ರಂಥಪಾಲಕಿ ಮಿಸೆಸ್ ಟ್ರೆಂಬಾತ್ ಎದುರು ನಿಂತು ಅದರ ಬಗ್ಗೆ ಎರಡು ಮಾತು ಹೇಳಬೇಕು, ಆಗ ಅವರು ಕಡವೆ ಚಿತ್ರದ ಮುದ್ರೆ ಒತ್ತುತ್ತಾರೆ. ಗೆದ್ದವರಿಗೆ ಒಂದು ಬಟ್ಟೆ ಚೀಲ. ಚೀಲದ ಆಸೆಗೆ ಯಾರೂ ಸೇರಿಲ್ಲ ಅನ್ನುತ್ತಾರೆ, ಆದರೆ ಬಣ್ಣ ಯಾವುದು ಎಂದು ಎಲ್ಲರೂ ವಿಚಾರಿಸಿದ್ದಾರೆ.

ನಾನು ಇಪ್ಪತ್ತು ವರ್ಷದಿಂದ ಕೊಲೆಯ ಕಥೆ ಬಿಟ್ಟು ಬೇರೆ ಓದಿದವಳಲ್ಲ ಎಂದು ನಿನಗೆ ಗೊತ್ತು. ಕೊಲೆಯಿಲ್ಲದ ಕಥೆ, ಒಲೆಯಿಲ್ಲದ ಅಡುಗೆ ಎಂದು ಅಂಗಡಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಜನವರಿಯಲ್ಲಿ ಟ್ರೆಂಬಾತ್ ಈ ಕಾರ್ಡನ್ನು ನನ್ನ ಕೈಗೆ ತುರುಕಿ, "ನೋಡಿ ತೈಮಿ, ಹೆಣ ಸಿಗದೇ ಇರೋ ಪುಸ್ತಕಾನೂ ಲೋಕದಲ್ಲಿ ಇದಾವೆ. ಒಂದ್ಸಲ ಹೋಗಿ ಬನ್ನಿ," ಎಂದರು.

ಹೋದೆ. "ಮನುಷ್ಯರೇ ಇಲ್ಲದ ಪುಸ್ತಕ" ಎಂಬ ಮನೆಗೆ ಪಾಚಿಯ ಮೇಲಿನದೊಂದು ಸಿಕ್ಕಿತು. ಇನ್ನೂರೈವತ್ತು ಪುಟ, ಬರೀ ಪಾಚಿ. ಮೂರು ದಿನ ಬೈದುಕೊಂಡೆ. ನಾಲ್ಕನೆಯ ದಿನ ಬೆಳಗಿನ ಸುತ್ತಿನಲ್ಲಿ ಹಳೆ ಗಣಿಯ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಇಳಿದು, ಬಂಡೆಗೆ ಮೂಗು ತಾಗಿಸಿ ನೋಡಿದೆ. ಅಂಗೈಯಗಲದಲ್ಲಿ ಐದು ಜಾತಿ! ಮಕ್ಕಳು ಕಿಟಕಿಯಿಂದ, "ತೈಮಿ ಆಂಟೀ, ಬಸ್ ಕೆಟ್ಟೋಯ್ತಾ? ಇವತ್ತು ಸ್ಕೂಲಿಲ್ವಾ?" ಎಂದು ಕುಣಿದರು. "ಬಸ್ ಕೆಟ್ಟಿಲ್ಲ, ನಾನು ಕೆಟ್ಟಿದೀನಿ, ಕೂತ್ಕೊಳ್ರೋ," ಎಂದೆ. ಪಾಚಿಯ ಹಿಂದೆ ಬಿದ್ದು ಪೇಚಿಗೆ ಬಿದ್ದೆ. ಏಳು ನಿಮಿಷ ತಡವಾದದ್ದಕ್ಕೆ ಪ್ರಿನ್ಸಿಪಾಲರಿಗೆ ಲಿಖಿತ ಸಮಜಾಯಿಷಿ ಕೊಡಬೇಕಾಯಿತು.

"ನಿನಗೆ ಸಿಟ್ಟು ತರಿಸುವವರ ಪುಸ್ತಕ" ಅಂತ ಇನ್ನೊಂದು ಮನೆ. ತೋಳಗಳನ್ನು ಹೊಡೆಯಲು ಬಿಡಬೇಕು ಎನ್ನುವ ದನ ಸಾಕುವವನೊಬ್ಬನದು ಓದಿದೆ. ಈಗಲೂ ಒಪ್ಪುವುದಿಲ್ಲ. ಆದರೆ ಅವನು ಬೆಳಗ್ಗೆದ್ದು ಕರುವಿನ ಕಾಲೊಂದನ್ನು ಮಾತ್ರ ಕಾಣುವ ಪುಟವಿದೆಯಲ್ಲ, ಅಲ್ಲಿ ಅವನ ಜೊತೆ ನಾನೂ ಬೇಲಿ ಹಿಡಿದು ನಿಂತಿದ್ದೆ. ನಮಗೆ ಆಗದವರ ಮನೆಯೊಳಗೆ ಹೀಗೆ ಸದ್ದಿಲ್ಲದೆ ಹೋಗಿ ಕೂತು ಬರಬಹುದು ಅಂತ ಇಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ, ಅಥವಾ ಹೇಳಿದಾಗ ನಾನು ಕೊಲೆಗಾರನನ್ನು ಹುಡುಕುತ್ತಿದ್ದೆ.

ಹಿಮ ಗುಡಿಸುವ ಲಾರಿ ಓಡಿಸುತ್ತಿದ್ದ ಆರ್ವೋ ನಿನಗೆ ನೆನಪಿರಬೇಕು. ಅವನೂ ಸೇರಿದ್ದಾನೆ. ಪುಸ್ತಕದ ಬೆನ್ನು ಹೆಬ್ಬೆರಳಿಗಿಂತ ದಪ್ಪವಿದ್ದರೆ ಮುಟ್ಟುವುದಿಲ್ಲ. ಹೋದ ವಾರ ಒಂದು ತೆಳ್ಳಗಿನ ಕವಿತೆಯ ಪುಸ್ತಕ ತಂದು ಟ್ರೆಂಬಾತ್ ಮುಂದಿಟ್ಟು, "ಇದು ಪದ್ಯ, ಬರೆದೋಳು ಜಪಾನಿನೋಳು. ಪದ್ಯಕ್ಕೊಂದು, ಬೇರೆ ಭಾಷೆಯಿಂದ ಬಂದಿದ್ದಕ್ಕೊಂದು. ಎರಡು ಒತ್ತಿ," ಎಂದ.

"ಒಂದು ಪುಸ್ತಕಕ್ಕೆ ಒಂದೇ ಮುದ್ರೆ, ಆರ್ವೋ."

"ನಾ ಎರಡು ಸಲ ಓದಿದೀನಲ್ಲ ತಾಯಿ!"

"ಎರಡು ಸಲ ಓದಿದ್ರೆ ಎರಡು ಪುಣ್ಯ. ಮುದ್ರೆ ಒಂದೇ."

ಅವನು ನನ್ನ ಕಡೆ ತಿರುಗಿ, "ಇವರ ಗಂಡ ಹೇಗೆ ಬಾಳ್ತಿದಾನೋ," ಎಂದ. "ಮುದ್ರೆ ಒತ್ತಿಸ್ಕೊಂಡು," ಎಂದರು ಟ್ರೆಂಬಾತ್, ತಲೆ ಎತ್ತದೆ.

ಹನ್ನೆರಡನೆಯ ಮನೆಗೆ ಬರುತ್ತೇನೆ. ತಡವಾದದ್ದು ಹಿಮದಿಂದಲ್ಲ, ಇದರಿಂದ.

"ನಮ್ಮೂರಿನವರು ಬರೆದ ಒಂದು ಪುಸ್ತಕ." ಅಂಥವು ಗ್ರಂಥಾಲಯದಲ್ಲಿ ನಾಲ್ಕೇ ನಾಲ್ಕು. ಗಣಿಯ ಇತಿಹಾಸ ನಾನು ಹೈಸ್ಕೂಲಿನಲ್ಲೇ ಓದಿದ್ದೆ. ಓದಿದ್ದನ್ನೇ ಮತ್ತೆ ತೋರಿಸುವಂತಿಲ್ಲ, ಅದು ನಿಯಮ. ಹಕ್ಕಿಗಳ ಪಟ್ಟಿ ಬರೆದವರು ನಮ್ಮೂರಿನವರೆಂದು ಇಷ್ಟು ದಿನ ನಂಬಿದ್ದೆವು, ವಿಚಾರಿಸಿದರೆ ಸೇತುವೆಯ ಆಚೆಯವರು. ಚರ್ಚಿನ ಹೆಂಗಸರ ಅಡುಗೆ ಪುಸ್ತಕ ಹಿಡಿದುಕೊಂಡು ಹೋದೆ. "ಅಡುಗೆ ಪುಸ್ತಕ ಓದೋದಲ್ಲ ತೈಮಿ, ಮಾಡೋದು. ಇದ್ರಲ್ಲಿರೋ ನಲವತ್ತೂ ಮಾಡಿ ತನ್ನಿ, ಒತ್ತುತೀನಿ," ಎಂದರು ಟ್ರೆಂಬಾತ್.

ಉಳಿದ ನಾಲ್ಕನೆಯದು ನಿನ್ನದು.

ಟ್ರೆಂಬಾತ್ ಮೆಲ್ಲಗೆ, "ನಿಮ್ಮಕ್ಕಂದು ಅಚ್ಚಾಗಿ ಬಂದಾಗಲೇ ನೀವು ಓದಿರ್ತೀರ. ಹಾಗಾಗಿ ಅದೂ ಲೆಕ್ಕಕ್ಕೆ ಬರಲ್ಲ, ಪಾಪ," ಎಂದರು.

ಅಕ್ಕ, ಆರು ವರ್ಷದ ಹಿಂದೆ ನೀನು ಸಹಿ ಹಾಕಿ ಕೊಟ್ಟ ಪ್ರತಿ ನನ್ನ ಬಟ್ಟೆಯ ಕಪಾಟಿನಲ್ಲಿದೆ. "ಓದಿದೆ, ಚೆನ್ನಾಗಿದೆ, ಅತ್ತುಬಿಟ್ಟೆ" ಎಂದು ನಿನಗೆ ಬರೆದಿದ್ದೆ. ಓದಿರಲಿಲ್ಲ. ಒಂದು ಪುಟವೂ ಓದಿರಲಿಲ್ಲ. ಕೇಳಿದವರಿಗೆಲ್ಲ ಅದೇ ಸುಳ್ಳು ಹೇಳಿದೆ, ಮತ್ತೆ ಈ ಊರಿನಲ್ಲಿ ಕೇಳದವರು ಯಾರಿದ್ದಾರೆ? ನಮ್ಮ ಬಾಲ್ಯದ ಕಥೆ, ಅದರಲ್ಲಿ ನಮ್ಮ ತಮ್ಮ ಇದ್ದಾನೆ ಎಂದು ಗೊತ್ತಿತ್ತು. ಅವನು ಸರೋವರದ ಮಂಜುಗಡ್ಡೆಯ ಮೇಲೆ ಹೋಗಿ ಮುಳುಗಿದ ದಿನ ಏನಾಯಿತೆಂದು ನನ್ನನ್ನು ಬಿಟ್ಟರೆ ಗೊತ್ತಿರುವವಳು ನೀನೊಬ್ಬಳೇ. ಆ ವಾರ ನಮ್ಮ ಸ್ನಾನದ ಕೋಣೆ ಸೌನಾದಲ್ಲಿ, ಹಬೆಯೊಳಗೆ, ನಿನ್ನ ಮುಖ ಕಾಣದ ಹಾಗೆ ಕೂತು ಹೇಳಿದ್ದೆ. ಆಗ ನನಗೆ ಹನ್ನೆರಡು. ಮತ್ತೆ ಯಾರಿಗೂ ಹೇಳಲಿಲ್ಲ. ನೀನು ಅದನ್ನು ಅಚ್ಚು ಹಾಕಿಸಿದ್ದೀಯ, ಊರೆಲ್ಲ ಓದಿದೆ, ನನ್ನೆದುರು ಮಾತ್ರ ಯಾರೂ ಎತ್ತುವುದಿಲ್ಲ ಎಂದುಕೊಂಡೇ ಆರು ವರ್ಷ ಬಸ್ಸು ಓಡಿಸಿದೆ.

ಮೊನ್ನೆ ಆ ಮೇಜಿನ ಮುಂದೆ ಸುಳ್ಳನ್ನು ಉಳಿಸಿಕೊಂಡರೆ ಕಾರ್ಡು ಹೋಗುತ್ತಿತ್ತು, ಕಾರ್ಡನ್ನು ಉಳಿಸಿಕೊಂಡರೆ ಸುಳ್ಳು. ಚೀಲಕ್ಕಾಗಿ ಅಲ್ಲ, ಆಣೆಗೂ. ತೋಳದವನ ಪುಸ್ತಕ ಓದಬಲ್ಲವಳು ನಿನ್ನದನ್ನು ಯಾಕೆ ಓದಲಾರೆ ಅನ್ನಿಸಿತು, ಅಷ್ಟೆ.

"ನಾನಿನ್ನೂ ಓದಿಲ್ಲ," ಎಂದೆ.

ಟ್ರೆಂಬಾತ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಹಾಗಾದ್ರೆ ಅದು ಹೊಸ ಪುಸ್ತಕ," ಎಂದರು. "ಲೆಕ್ಕಕ್ಕೆ ಬರುತ್ತೆ."

ನಾಳೆ ಬೆಳಗಿನ ಸುತ್ತಿಗೂ ಮಧ್ಯಾಹ್ನದ ಸುತ್ತಿಗೂ ನಡುವೆ ಬಸ್ಸಿನಲ್ಲೇ ಶುರುಮಾಡುತ್ತೇನೆ. ಅದಕ್ಕೆ ಮೊದಲೇ ಈ ಕಾಗದ ಬರೆದುಬಿಡಬೇಕಿತ್ತು. ಪುಸ್ತಕದಲ್ಲಿ ನನ್ನ ಬಗ್ಗೆ ಏನಿದ್ದರೂ, ಅದನ್ನು ಓದುವ ಮೊದಲೇ ನಿನ್ನಲ್ಲಿ ತಪ್ಪೊಪ್ಪಿಕೊಂಡೆ ಎಂಬುದೊಂದು ನನಗಿರಲಿ.

ಗಾಳಿ ಜೋರಿದ್ದ ದಿನ ಡೆಕ್ಕಿನ ಮೇಲೆ ಹೋಗಬೇಡ. ಮೊಣಕಾಲಿಗೆ ಆ ಮುಲಾಮು ಹಚ್ಚು, ಡಬ್ಬಿ ಇಟ್ಟುಕೊಂಡರೆ ವಾಸಿಯಾಗುವುದಿಲ್ಲ. ದೇವರು ನಿನ್ನ ಕೈರುಚಿಯನ್ನೂ ಆ ಇಪ್ಪತ್ತೆರಡು ಹೊಟ್ಟೆಗಳನ್ನೂ ಚೆನ್ನಾಗಿಟ್ಟಿರಲಿ. ಜನವರಿಯಲ್ಲಿ ಸರೋವರ ನಿನ್ನನ್ನು ನೆಟ್ಟಗೆ ದಡಕ್ಕೆ ಬಿಡಲಿ.

ನಿನ್ನ ತಂಗಿ,
ತೈಮಿ

ಮತ್ತೆ ಬರೆದದ್ದು, ಡಿಸೆಂಬರ್ ೧೧:

ಅಕ್ಕ, ಲಕೋಟೆ ಅಂಟಿಸಿರಲಿಲ್ಲ. ಎರಡು ದಿನದಲ್ಲಿ ಓದಿ ಮುಗಿಸಿದೆ. ಚೆನ್ನಾಗಿ ಬರೆದಿದ್ದೀಯ, ಇದು ಸುಳ್ಳಲ್ಲ. ತೊಂಬತ್ತಾರನೆಯ ಪುಟವನ್ನು ಎಷ್ಟು ಸಲ ಓದಿದೆ ಎಂದು ಕೇಳಬೇಡ. "ಮಂಜು ಗಟ್ಟಿಯಾಗಿದೆ, ಹೋಗು, ನಾನು ನಿನ್ನೆ ತಾನೇ ಹೋಗಿ ಬಂದೆ ಎಂದು ನಾನೇ ಅವನಿಗೆ ಹೇಳಿದೆ" ಎಂದು ಬರೆದಿದ್ದೀಯ.

ನೀನು ಅಲ್ಲಿ ಇರಲೇ ಇಲ್ಲವಲ್ಲೇ. ನೀನು ಮನೆಯಲ್ಲಿ ಏಲಕ್ಕಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದೆ. ಹೇಳಿದವಳು ನಾನು. ಹಿಂದಿನ ದಿನ ಹೋಗಿ ಬಂದಿರಲೂ ಇಲ್ಲ. ಒಂಬತ್ತು ವರ್ಷದವನ ಮುಂದೆ ಜಂಬ ಕೊಚ್ಚಿದೆ. ಸೌನಾದಲ್ಲಿ ನಾನು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆದಿದ್ದೀಯ, ಆಡಿದವಳನ್ನು ಮಾತ್ರ ಬದಲಾಯಿಸಿದ್ದೀಯ.

ಈ ಪುಸ್ತಕ ಬಂದ ಚಳಿಗಾಲವೇ ನೀನು ಹಡಗು ಸೇರಿದ್ದು. ಅಮ್ಮ ನಿನಗೆ ಫೋನು ಮಾಡುವುದನ್ನು ಆಗಲೇ ನಿಲ್ಲಿಸಿದಳು. ಹಡಗಿನ ಕೆಲಸಕ್ಕೆ ಸಿಟ್ಟು ಅಂದುಕೊಂಡಿದ್ದೆ, ನಿನ್ನ ಪರವಾಗಿ ಅವಳ ಹತ್ತಿರ ಜಗಳ ಕೂಡ ಆಡಿದೆ. "ನಿಂಗೇನೂ ಗೊತ್ತಿಲ್ಲ, ಸುಮ್ನಿರು ಮಗು," ಎಂದಿದ್ದಳು. ಅವಳು ನಿನ್ನ ಪುಸ್ತಕ ಓದಿದ್ದಳು. ಸಾಯುವವರೆಗೂ ನಿನ್ನನ್ನು ಹತ್ತಿರ ಕರೆಯಲಿಲ್ಲ. ನಾನು ಆಗಲೇ ಓದಿದ್ದರೆ ಅವಳ ಹಾಸಿಗೆ ಪಕ್ಕದಲ್ಲಿ ಕೂತು ನಿಜ ಹೇಳಲು ಎರಡು ವರ್ಷ ಸಮಯವಿತ್ತು.

ಯಾಕೆ ಹಾಗೆ ಬರೆದೆ ಎಂದು ತಿಳಿಯಬೇಕೆಂದಿದೆ, ಆದರೆ ಕಾಗದದಲ್ಲಿ ಹೇಳಬೇಡ. ಬಂದ ಮೇಲೆ ಹೇಳು.

ಇನ್ನೂರು ಪ್ರತಿ ಅಚ್ಚಾಗಿತ್ತು ಎಂದು ನೀನು ಅಂದಿದ್ದೆ. ಅದರಲ್ಲಿ ನೂರಾದರೂ ಈ ಊರಲ್ಲೇ ಇರಬೇಕು. ಆ ಮಾತು ಹೇಳಿದವಳು ನೀನಲ್ಲ, ನಾನು ಎಂದು ಇವತ್ತು ಬೆಳಗ್ಗೆ ಟ್ರೆಂಬಾತ್‌ಗೆ ಹೇಳಿದೆ. ಮಧ್ಯಾಹ್ನ ಆರ್ವೋನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ; ಅವನು ಒಳಗೆ ಕರೆದು ಕಾಫಿ ಕೊಟ್ಟ. ಉಳಿದ ಮನೆಗಳಿಗೆ ನಾಳೆ ಚರ್ಚಿನ ಬೀದಿಯಿಂದ ಶುರು.

ತೈ.