ಸಾವಿರ ಗಜದ ಸಾಲಿನಲ್ಲಿ ನನ್ನ ಜಾಗ

ಏಪ್ರಿಲ್ 9, ಬುಧವಾರ

ಹಳೇ ಬಂದೂಕಿಗೆ ಎಣ್ಣೆ ಹಾಕಿದೆ. ಕಾಫಿ ಎರಡು ಸಲ. ಪಡುವಣ ಗಾಳಿ, ಎಂದಿನ ಹಾಗೆ ಬೇಲಿ ಕೀಳುವಂಥದ್ದು. ಶೂಟಿಂಗ್ ಕ್ಲಬ್ಬಿನಿಂದ ಕಾಗದ ಬಂತು, 'ಆರ್ಲೋ ಅವರಿಗೆ' ಅಂತ. ಹೊಸ ಕಾರ್ಯದರ್ಶಿ ಟ್ರೆಂಟ್ — ಹಲ್ಲಿನ ಡಾಕ್ಟರು, ಮೊಂಟಾನಾಕ್ಕೆ ಬಂದು ಮೂರು ವರ್ಷ ಆಗಿಲ್ಲ — ರೂಲು ಮಾಡಿದ್ದಾನೆ. ಜೂನ್ 14ಕ್ಕೆ ಪರೀಕ್ಷೆ. ಸಾವಿರ ಗಜದಿಂದ ಹತ್ತು ಗುಂಡು. ಎಂಟಾದರೂ ಗುರಿಯ ಹಾಳೆಗೆ ಬೀಳಬೇಕು. ಇಲ್ಲದಿದ್ದರೆ ಮುನ್ನೂರು ಗಜದ ಸಾಲಿಗೆ ಇಳಿಸುತ್ತಾರಂತೆ. ಎಲ್ಲರಿಗೂ ಒಂದೇ ರೂಲು, ಅವನಿಗೂ.

ಆ ಸಾವಿರ ಗಜದ ದಿಬ್ಬಕ್ಕೆ ಮಣ್ಣು ಹೊತ್ತವನು ನಾನು. ಬೋರ್‌ವೆಲ್ ಕೆಲಸಕ್ಕೆ ರಜಾ ಹಾಕಿ. ಈಗ ನನಗೇ ಪರೀಕ್ಷೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದೇ ಪರೀಕ್ಷೆ ಬೇಡ ಅಂತ.

ಏಪ್ರಿಲ್ 12, ಶನಿವಾರ

ಹಳೇ ಬಂದೂಕಿನಲ್ಲಿ ಹತ್ತು ಹೊಡೆದೆ. ಹಾಳೆಗೆ ಬಿದ್ದದ್ದು ಮೂರು. ಜಿಂಕೆಗೆ ಅಂತ ಕೊಂಡದ್ದು ಅದು. ಜಿಂಕೆ ಸಾವಿರ ಗಜ ಆಚೆ ನಿಂತು ಕಾಯುತ್ತಾ?

ಹೆಂಡತಿ ವರ್ನಾಳ ತಮ್ಮ ಡ್ವೇನ್ ಪಕ್ಕದಲ್ಲೇ ಇದ್ದ. ಬಾಯಿಗೆ ಬಾಗಿಲಿಲ್ಲ. "ಭಾವ, ಅದನ್ನ ಟೊಮೆಟೊ ಗಿಡಕ್ಕೆ ಆಸರೆ ಕೊಡು. ಅದಾದ್ರೂ ನೆಟ್ಟಗೆ ಬೆಳೆಯುತ್ತೆ."

ಮನೆವರೆಗೂ ಅವನನ್ನು ಬೈದೆ. ಅವನು ಹೇಳಿದ್ದು ಸರಿ, ಅದಕ್ಕೇ.

ಏಪ್ರಿಲ್ 24, ಗುರುವಾರ

ಅಂಗಡಿಗೆ ಮೂರನೇ ಸಲ. ಎಲ್ಲಾ ರೈಫಲ್ಲೂ ಭುಜಕ್ಕೆ ಹಚ್ಚಿ ನೋಡಿದ್ದಾಯಿತು. ಅಂಗಡಿಯ ಲೊರೇನ್ ಒಂದನ್ನು ಮೇಜಿನ ಮೇಲೆ ಇಟ್ಟಳು. ಭಾರದ ನಳಿಗೆ, ಸಣ್ಣ ಗುಂಡು, ಆರೂವರೆ ಮಿಲಿಮೀಟರು. ಒದೆತ ಕಮ್ಮಿ. ಮೇಲೊಂದು ಸಾಧಾರಣ ಸ್ಕೋಪು, ಗುರಿ ನೋಡುವ ದುರ್ಬೀನು.

"ಅಜ್ಜಾ, ಮೊದಲು ಐನೂರು ಗುಂಡು ಹಾರಿಸಿ. ಅಲ್ಲೀತನಕ ಇದರ ಒಂದು ಸ್ಕ್ರೂನೂ ಮುಟ್ಬೇಡಿ."

"ನಾನು ನಿನ್ನ ಅಜ್ಜ ಅಲ್ಲ."

"ಅದಕ್ಕೇ ಮರ್ಯಾದೆಯಿಂದ ಹೇಳ್ತಿರೋದು."

ಕೊಂಡೆ. ವರ್ನಾ ನೋಡಿ, "ನನ್ನ ಮದುವೆ ಆಗೋವಾಗ ಇಷ್ಟು ತಿರುಗಿಸಿ ಮುರುಗಿಸಿ ನೋಡಿರ್ಲಿಲ್ಲ ನೀನು" ಅಂದಳು. ನೋಡಬೇಕಿತ್ತು. ಇದು ಇಲ್ಲಿಗೇ ಇರಲಿ.

ಮೇ 3, ಶನಿವಾರ

ನೂರು ಗಜದಲ್ಲಿ ಐದು ಗುಂಡು, ಒಂದು ನಾಣ್ಯ ಇಟ್ಟರೆ ಮುಚ್ಚುತ್ತೆ. ಹಾಳೆ ತಂದು ವರ್ನಾಳಿಗೆ ತೋರಿಸಿದೆ. ಹಿಂದುಗಡೆ ದಿನಸಿ ಪಟ್ಟಿ ಬರೆದಳು.

ಮೇ 17, ಶನಿವಾರ

ಡ್ವೇನ್ ಬಿಡಲಿಲ್ಲ. "ಮೂತಿಗೆ ಬ್ರೇಕ್ ಹಾಕ್ಸು ಭಾವ. ಒದೆಯೋದೇ ಇಲ್ಲ." ಹಾಕಿಸಿದೆ. ನಳಿಗೆಯ ತುದಿಗೆ ತೂತಿನ ಟೋಪಿ ಅದು. ನನ್ನನ್ನು ಒದೆಯಲಿಲ್ಲ, ನಿಜ. ಹೊಗೆಯೆಲ್ಲ ಪಕ್ಕಕ್ಕೆ ನುಗ್ಗಿ ಟ್ರೆಂಟನ ಬೀನ್ಸ್ ಕಾಳಿನ ಸಾರಿನ ಬಟ್ಟಲಿಗೆ ಧೂಳು ತುಂಬಿತು. ಮೊದಲನೇ ಸಲ ಅವನು ತನ್ನ ಬಾಯಿ ತೆರೆದದ್ದು ನೋಡಿದೆ, ಬೇರೆಯವರದ್ದಲ್ಲ.

ಟ್ರಿಗರೂ ಬದಲಾಯಿಸಿದೆ. ಭಾರೀ ನಾಜೂಕು. ಹೊಡೆಯೋಣ ಅಂತ ಯೋಚನೆ ಶುರುವಾದರೆ ಸಾಕು — ಢಂ.

ಜೂನ್ 7, ಶನಿವಾರ

ಹೊಸ ಸ್ಕೋಪು. ಐವತ್ತೈದು ಪಟ್ಟು ದೊಡ್ಡದು ಮಾಡುತ್ತೆ. ಹಾಳೆ ಮೇಲೆ ಕೂತ ನೊಣ ಕಂಡೆ ಅಂತ ಆಣೆ ಮಾಡುತ್ತೇನೆ. ಲೊರೇನ್ ಕೇಳಿದಳು, ಎಷ್ಟು ಗುಂಡು ಹಾರಿಸಿದ್ರಿ? ಎಂಬತ್ತು ಅಂದೆ. ಪೊಟ್ಟಣ ಕಟ್ಟಿ, ಮೇಲೆ '500' ಅಂತ ಬರೆದುಕೊಟ್ಟಳು. ಆ ಬರೆದದ್ದು ಸರಿಬರಲಿಲ್ಲ.

ಜೂನ್ 14, ಶನಿವಾರ, ಸಂಜೆ 5

ಪೆನ್ನು ಕಾಗದ ಹರಿಯುತ್ತಿದೆ. ಸಿಟ್ಟಿಗೆ.

ನನಗೆ ಐದನೇ ಗುರಿ, ಟ್ರೆಂಟನಿಗೆ ಆರನೇದು. ಆಚೆ ಗುರಿಯ ಕೆಳಗೆ, ದಿಬ್ಬದ ಮರೆಯ ಕಂದಕದಲ್ಲಿ ಕೂತು ಹಾಳೆ ಎಳೆಯುವವರು — ಐದಕ್ಕೆ ಡ್ವೇನ್, ಆರಕ್ಕೆ ವರ್ನಾ. ಗುಂಡು ಬಿದ್ದರೆ ಹಾಳೆ ಇಳಿಸಿ, ತೂತಿಗೆ ಬಿಲ್ಲೆ ಅಂಟಿಸಿ, ಮತ್ತೆ ಏರಿಸಬೇಕು.

ಗಾಳಿ ತಗ್ಗಿದಾಗಲೇ ಹೊಡೆಯಬೇಕು. ಹಾಗಾಗಿ ನಾನೂ ಟ್ರೆಂಟೂ ಹತ್ತು ಸಲವೂ ಒಟ್ಟಿಗೇ ಹೊಡೆದೆವು. ಒಂಬತ್ತು ಸಲ ಹಾಳೆ ಇಳಿಯಿತು, ಬಿಲ್ಲೆ ಹೊತ್ತು ಏರಿತು. ಒಂದೇ ತಪ್ಪಿದ್ದು. ಒಂಬತ್ತು! ಸಿಳ್ಳೆ ಹಾಕಿದೆ. ಪಕ್ಕದಲ್ಲಿ ಟ್ರೆಂಟೂ ಹಲ್ಲು ಬಿಡುತ್ತಿದ್ದ.

ರೇಡಿಯೋದಲ್ಲಿ ಡ್ವೇನ್: "ಐದು — ಸೊನ್ನೆ. ಭಾವ, ಯಾವಾಗ ಶುರು ಮಾಡ್ತೀಯಾ?"

ವರ್ನಾ: "ಆರು — ಒಂಬತ್ತು. ನನ್ನ ತಲೆ ತುಂಬಾ ಮಣ್ಣು. ಹತ್ತು ಸಲ. ಯಾವನೋ ದಿಬ್ಬಕ್ಕೆ ಹೊಡೀತಿದ್ದಾನೆ."

ಸ್ಕೋಪಿಗೆ ಕಣ್ಣಿಟ್ಟೆ. ಹಾಳೆ ಬೆಟ್ಟದಷ್ಟು. ಕೆಳಗಿನ ನಂಬರು ಬಿಸಿಲಿನ ಅಲೆಗೆ ಶ್ಯಾವಿಗೆ ಥರ ಕುಣಿಯುತ್ತಿತ್ತು. ಐದೋ, ಆರೋ, ದೇವರಿಗೇ ಗೊತ್ತು. ಹತ್ತನ್ನೂ ಪಕ್ಕದವನ ಹಾಳೆಗೆ ಹೊಡೆದಿದ್ದೆ.

ಟ್ರೆಂಟ್ ತನ್ನ ಸ್ಕೋಪಿನ ತಿರುಗುಣಿ ನೋಡಿದ. ಎಂಟುನೂರು ಗಜಕ್ಕೇ ನಿಂತಿತ್ತು. ಸಾವಿರಕ್ಕೆ ಏರಿಸುವುದು ಮರೆತಿದ್ದ. ಗುಂಡೆಲ್ಲ ತಗ್ಗಿ ದಿಬ್ಬಕ್ಕೆ. ನನ್ನ ತೂತುಗಳನ್ನು ನೋಡಿ ಹಲ್ಲು ಬಿಟ್ಟಿದ್ದಾನೆ! ವರ್ನಾ ಹಾಳೆ ತಂದಳು. ಎಲ್ಲವೂ ಸಣ್ಣ ತೂತು. ಟ್ರೆಂಟನ ಗುಂಡು ದಪ್ಪದ್ದು.

"ರೂಲು ಓದು ಡಾಕ್ಟ್ರೇ," ಅಂದೆ.

ಓದಿದ. ಪಕ್ಕದವರ ಹಾಳೆಗೆ ಬಿದ್ದದ್ದು ಸೊನ್ನೆ. ದಿಬ್ಬಕ್ಕೆ ಬಿದ್ದದ್ದೂ ಸೊನ್ನೆ. ಅವನೇ ಬರೆದದ್ದು. ಇಬ್ಬರೂ ಮುನ್ನೂರು ಗಜಕ್ಕೆ. ಇನ್ನೊಂದೇ ಅವಕಾಶ, ಜುಲೈ 12. ಆಮೇಲೆ ಕಾಯಂ.

ಜೂನ್ 21, ಶನಿವಾರ

ಮುನ್ನೂರು ಗಜದ ಸಾಲು ಮೂವರು ವಿಧವೆಯರದ್ದು. ಆಲೂಗಡ್ಡೆ ಪಲ್ಯ ತರುತ್ತಾರೆ, ಚರ್ಚಿನ ಸುದ್ದಿ ಹೇಳುತ್ತಾರೆ, ನಡುವೆ ಹೊಡೆಯುತ್ತಾರೆ. ನಮ್ಮಿಬ್ಬರಿಗಿಂತ ಚೆನ್ನಾಗಿ. ಎಂಬತ್ತು ದಾಟಿದ ಹಿಲ್ಡಾ ಟ್ರೆಂಟನಿಗೆ ಅಂದಳು, "ಬಾಯಿ ಮುಚ್ಚಿ, ಉಸಿರು ಬಿಗಿಹಿಡೀರಿ. ನೀವು ಹಲ್ಲಿನ ಕುರ್ಚೀಲಿ ನಮಗೆ ಹೇಳೋದರ ಉಲ್ಟಾ."

ಜೂನ್ 22, ಭಾನುವಾರ

ಬ್ರೇಕ್ ಕಿತ್ತೆ. ಟ್ರಿಗರ್ ಹಳೇದೇ ಹಾಕಿದೆ. ದೊಡ್ಡ ಸ್ಕೋಪು ಡ್ವೇನನಿಗೆ, ಚಂದ್ರ ನೋಡ್ಕೊಳ್ಳಲಿ; ನನಗೆ ಮೊದಲಿನ ಸಾಧಾರಣದ್ದೇ. ಲೊರೇನ್ ಹೇಳಿದ ಲೆಕ್ಕದಲ್ಲಿ ನಾನೂರು ಗುಂಡು ಬಾಕಿ. ಹಾರಿಸುವುದು. ಇನ್ನೇನಿಲ್ಲ.

ಜುಲೈ 12, ಶನಿವಾರ, ಬೆಳಿಗ್ಗೆ 9:40

ಕಂದಕದೊಳಗೆ ಬರೆಯುತ್ತಿದ್ದೇನೆ. ಮೊದಲು ಟ್ರೆಂಟನ ಸರದಿ, ಅವನ ಹಾಳೆ ಎಳೆಯುವುದು ನಾನು. ಆಮೇಲೆ ನನ್ನದು, ಎಳೆಯುವುದು ಅವನು. ಒಂಬತ್ತು ಗುಂಡಾಯಿತು. ಏಳು ಬಿದ್ದಿದೆ.

9:44

ಹತ್ತನೇದು. ಹಾಳೆ ಇಳಿಸಿದೆ. ಎಡ ಅಂಚು ಕಚ್ಚಿದ ಹಾಗಿದೆ. ಅರ್ಧ ತೂತು ಹಾಳೆಯಲ್ಲಿ, ಅರ್ಧ ಆಕಾಶದಲ್ಲಿ. ನೋಡಿದವನು ನಾನೊಬ್ಬನೇ. ಹೆಬ್ಬೆರಳಲ್ಲಿ ಒಂಚೂರು ಹರಿದರೆ ಗಾಳಿ ಹರಿದದ್ದು ಅಂತಾಗುತ್ತೆ. ಈ ಊರಲ್ಲಿ ಗಾಳಿಯ ಮೇಲೆ ಏನು ಹೊರಿಸಿದರೂ ನಂಬುತ್ತಾರೆ.

ರೇಡಿಯೋದಲ್ಲಿ ಡ್ವೇನ್: "ಭಾವ, ಆರು ಏನಾಯ್ತು? ನಿದ್ದೆ ಬಂತಾ?"

ಕನ್ನಡಕ ಒರೆಸಿ ನೋಡಿದೆ. ಅಂಚಿನಲ್ಲಿ ಬೂದು ಗೆರೆ. ಗುಂಡು ಹಾದ ಗುರುತು. ಹಾಳಾಗ್ಹೋಗ್ಲಿ.

ಬಿದ್ದಿದೆ ಅಂದೆ. ಎಂಟು. ಮತ್ತೊಂದ್ಸಲ ಕೇಳಿದ. ಬೈದೆ.

10:30

ಗುಂಡು ಹಾರಿಸುವ ಚಾಪೆ ಮೇಲೆ. ಕಂದಕಕ್ಕೆ ಹೋಗುವಾಗ ಟ್ರೆಂಟ್ ನಿಂತ.

"ಆರ್ಲೋ ಅವ್ರೇ, ಹತ್ತನೇದು ಅಂಚಿಗೆ ಅಂತೆ. ಇಲ್ಲ ಅಂದಿದ್ರೂ ನಡೀತಿತ್ತು."

"ನೀನು ಹಲ್ಲು ಕಿತ್ತ ಮೇಲೆ ಕಿತ್ತಿಲ್ಲ ಅಂತೀಯಾ? ಹೋಗು. ತಲೆ ಬಗ್ಗಿಸಿಕೊಂಡು ಕೂತ್ಕೋ."

ಸ್ಕೋಪಿನ ಪಟ್ಟು ಇಳಿಸಿ ನಂಬರು ನೋಡಿದೆ. ಐದು. ವರ್ನಾಳಿಗೂ ತೋರಿಸಿದೆ. ಐದೇ.

10:55

ಏಳು ಬಿದ್ದಿದೆ, ಎರಡು ತಪ್ಪಿದೆ. ಉಳಿದದ್ದು ಒಂದು. ಗಾಳಿ ತೋರಿಸೋ ಬಾವುಟ ಬಿಚ್ಚಿಕೊಂಡು ಬಡೀತಿದೆ. ಕಾಯುತ್ತಿದ್ದೇನೆ. ಬರೆದರೆ ಹೊತ್ತು ಹೋಗುತ್ತೆ ಅಂತ ಬರೀತಿದ್ದೇನೆ. ಹೋಗುತ್ತಿಲ್ಲ. ಇನ್ನೂ ಎರಡು ನಿಮಿಷ ಟೈಮಿದೆ. ಹಿಂದಿನಿಂದ ವರ್ನಾ, "ಪೆನ್ನು ಕೆಳಗಿಡು ಮಾರಾಯ, ಬಾವುಟ ಇಳೀತು", ಹೌದು, ಇಳೀ